ಹೆಪ್ಪಿಗೆ ಬೇಕಾದ ಬಿಸುಪು

ಡಿಸೆಂಬರ್ ಬಂತೆಂದರೆ ಬೆಂಗಳೂರು, ಮೈಸೂರು, ಮಡಿಕೇರಿಯ ಅಡುಗೆಮನೆಗಳಲ್ಲಿ ಒಂದೇ ದೂರು: ಮೊಸರು ಹೆಪ್ಪಾಗುತ್ತಿಲ್ಲ. ಹಾಲು ಅದೇ, ಪಾತ್ರೆ ಅದೇ, ಹೆಪ್ಪು ಹಾಕುವ ಕೈಯೂ ಅದೇ. ಆದರೂ ಬೆಳಿಗ್ಗೆ ಮುಚ್ಚಳ ತೆಗೆದರೆ ಅತ್ತ ಹಾಲೂ ಅಲ್ಲ, ಇತ್ತ ಮೊಸರೂ ಅಲ್ಲ. ಮಾರನೆಯ ರಾತ್ರಿ ಹೆಚ್ಚಿನವರು ಒಂದು ಚಮಚದ ಬದಲು ಮೂರು ಚಮಚ ಹೆಪ್ಪು ಸುರಿಯುತ್ತಾರೆ. ಹಾಗೆ ಮಾಡಬೇಕೆನ್ನಿಸುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಅದರಿಂದ ಸಿಗುವ ಲಾಭ ಅಷ್ಟಕ್ಕಷ್ಟೆ.

ಲೆಕ್ಕ ಹೀಗಿದೆ. ಒಳ್ಳೆಯ ತಾಜಾ ಮೊಸರಿನ ಒಂದು ಗ್ರಾಮಿನಲ್ಲಿ ಸುಮಾರು 10 ಕೋಟಿ ಜೀವಂತ ಬ್ಯಾಕ್ಟೀರಿಯಾಗಳಿರುತ್ತವೆ. ಅರ್ಧ ಲೀಟರ್ ಹಾಲಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಹೆಪ್ಪು ಬೆರೆಸಿದರೆ ಅವುಗಳ ಸಾಂದ್ರತೆ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮತ್ತೆ ಮೊದಲಿನಷ್ಟಾಗಬೇಕಾದರೆ ಅವು ನೂರು ಪಟ್ಟು ಹೆಚ್ಚಬೇಕು. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುವ ಜೀವಿಗಳಿಗೆ ಅದು ಏಳು ಬಾರಿ ಇಮ್ಮಡಿಯಾಗುವ ಕೆಲಸ. ಹಿತವಾದ ಬಿಸಿಯಲ್ಲಿ ಒಂದು ಇಮ್ಮಡಿಗೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಸಾಕು. ಹೆಪ್ಪನ್ನು ಎರಡು ಚಮಚಕ್ಕೆ ಏರಿಸಿದಿರೆನ್ನಿ, ಏಳರಲ್ಲಿ ಒಂದು ಇಮ್ಮಡಿ ಮಾತ್ರ ಉಳಿತಾಯ. ಅದೇ ಹಾಲು ರಾತ್ರಿಯಿಡೀ 18 ಡಿಗ್ರಿಗೆ ಇಳಿದು ಕೂತರೆ ಒಂದೊಂದು ಇಮ್ಮಡಿಯೂ ಗಂಟೆಗಟ್ಟಲೆ ಎಳೆಯುತ್ತದೆ, ಏಳು ಮುಗಿಯುವಷ್ಟರಲ್ಲಿ ಬೆಳಗಿನ ತಿಂಡಿ ಮುಗಿದಿರುತ್ತದೆ. ಅಲ್ಲದೆ ಹೆಚ್ಚು ಹೆಪ್ಪೆಂದರೆ ಹೆಚ್ಚು ಹುಳಿ. ಹಾಲು ಸಮನಾಗಿ ಕೂಡಿಕೊಳ್ಳುವ ಮೊದಲೇ ಆ ಹುಳಿ ಅದನ್ನು ಅಲ್ಲಲ್ಲಿ ತರಿತರಿಯಾಗಿ ಒಡೆಯುತ್ತದೆ. ಹಾಗಾಗಿ ಕೊರತೆಯಾದದ್ದು ಹೆಪ್ಪಲ್ಲ, ಬಿಸುಪು. ಹಾಲಿನ ಬಿಸಿ ಎಲ್ಲಿಯವರೆಗೆ ಏರಿತು, ಎಲ್ಲಿಗೆ ಇಳಿದಾಗ ಹೆಪ್ಪು ಬಿತ್ತು, ಆಮೇಲೆ ಎಷ್ಟು ಹೊತ್ತು ಅಲ್ಲೇ ನಿಂತಿತು ಎಂಬ ಮೂರು ಸಂಗತಿಗಳು ಮೊಸರಿನ ಹಣೆಬರಹವನ್ನು ಬರೆಯುತ್ತವೆ.

ಮೊದಲು ಏರುವ ಬಿಸಿಯನ್ನು ನೋಡೋಣ. ಹಸುವಿನ ಹಾಲಿನಲ್ಲಿ 87 ಪಾಲು ನೀರು. ಉಳಿದದ್ದರಲ್ಲಿ ಕೊಬ್ಬು, ಲ್ಯಾಕ್ಟೋಸ್ ಎಂಬ ಸಕ್ಕರೆ, ಲವಣಗಳು ಮತ್ತು ಮೂರೂ ಚಿಲ್ಲರೆ ಪಾಲು ಪ್ರೋಟೀನ್. ಈ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಭಾಗ ಕೇಸೀನ್. ಅದು ಹಾಲಿನಲ್ಲಿ ಬಿಡಿಬಿಡಿಯಾಗಿ ಕರಗಿರುವುದಿಲ್ಲ. ಸಾವಿರಾರು ಕೇಸೀನ್ ಅಣುಗಳು ಕ್ಯಾಲ್ಸಿಯಂ ಫಾಸ್ಫೇಟಿನ ಆಸರೆಯಲ್ಲಿ ಒಟ್ಟುಗೂಡಿ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದ ಆಸುಪಾಸಿನ ಗುಂಡುಗಳಾಗಿ ತೇಲುತ್ತವೆ. ಹಾಲು ಬೆಳ್ಳಗೆ ಕಾಣಲು ಮುಖ್ಯ ಕಾರಣ ಈ ಗುಂಡುಗಳೂ ಕೊಬ್ಬಿನ ಹನಿಗಳೂ ಬೆಳಕನ್ನು ಚದುರಿಸುವುದು. ಪ್ರತಿ ಗುಂಡಿನ ಮೈಮೇಲೂ ಕಂಬಳಿಹುಳುವಿಗಿರುವಂತೆ ರೋಮಗಳಿವೆ, ಅವುಗಳ ಮೇಲೆ ಋಣ ವಿದ್ಯುದಂಶವಿದೆ. ಹೀಗಾಗಿ ಒಂದು ಗುಂಡು ಇನ್ನೊಂದನ್ನು ದೂರ ತಳ್ಳುತ್ತದೆ. ಹಾಲು ಹಾಲಾಗಿ ಉಳಿದಿರುವುದು ಈ ತಳ್ಳಾಟದಿಂದ.

ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಗೆ ಬಿಡುತ್ತವೆ. ಹಾಲಿನ ಪಿಎಚ್ 6.6ರಿಂದ ಕೆಳಗಿಳಿಯತೊಡಗುತ್ತದೆ. ಆಮ್ಲ ಹೆಚ್ಚಿದಂತೆ ಒಳಗಿನ ಕ್ಯಾಲ್ಸಿಯಂ ಫಾಸ್ಫೇಟ್ ಕರಗುತ್ತದೆ, ಮೈಮೇಲಿನ ವಿದ್ಯುದಂಶ ತಟಸ್ಥವಾಗುತ್ತದೆ. ತಳ್ಳುವ ಬಲ ಹೋದ ಮೇಲೆ ಗುಂಡುಗಳು ಒಂದಕ್ಕೊಂದು ಅಂಟಿ ಸರಪಳಿಗಳಾಗಿ, ಸರಪಳಿಗಳು ಬಲೆಯಾಗಿ ಇಡೀ ಪಾತ್ರೆಯನ್ನು ತುಂಬುತ್ತವೆ. ಪಿಎಚ್ 4.6ಕ್ಕೆ ಬರುವಾಗ ಕಟ್ಟುವ ಕೆಲಸ ಮುಗಿದಿರುತ್ತದೆ. ಅಷ್ಟೂ ನೀರು ಆ ಬಲೆಯೊಳಗೇ ಸಿಕ್ಕಿಕೊಂಡಿರುತ್ತದೆ. ಚಮಚದಲ್ಲಿ ಕಡಿದರೆ ಹೋಳಾಗಿ ಬರುವ ಮೊಸರಿನಲ್ಲೂ ಬಹುಪಾಲು ನೀರೇ ಇರುತ್ತದೆ ಎಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಪ್ಯಾಕೆಟ್ ಹಾಲನ್ನು ಡೇರಿಯಲ್ಲೇ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕಳಿಸಿರುತ್ತಾರೆ, ರೋಗಾಣುಗಳನ್ನು ಕೊಲ್ಲಲು ಅಷ್ಟು ಸಾಕು. ಹಾಗಿದ್ದರೆ ಮೊಸರಿಗಾಗಿ ಮತ್ತೆ ಏಕೆ ಕಾಯಿಸಬೇಕು? ಉತ್ತರ ಪ್ರೋಟೀನಿನ ಉಳಿದ ಐದನೇ ಒಂದು ಭಾಗದಲ್ಲಿದೆ. ಅದು ಹಾಲೊಡಕಿನ ಪ್ರೋಟೀನ್. ಅದರಲ್ಲಿ ಮುಖ್ಯವಾದದ್ದು ಬೀಟಾ ಲ್ಯಾಕ್ಟೊಗ್ಲಾಬ್ಯುಲಿನ್. ಹಸಿ ಹಾಲಿನಲ್ಲಿ ಅದು ಬಿಗಿಯಾಗಿ ಮಡಚಿಕೊಂಡು ತನ್ನ ಪಾಡಿಗೆ ತಾನಿರುತ್ತದೆ, ಆಮ್ಲಕ್ಕೂ ಜಗ್ಗುವುದಿಲ್ಲ. ಹಾಲನ್ನು 85 ಡಿಗ್ರಿಗೆ ಏರಿಸಿ ಅಲ್ಲೇ ಅರ್ಧ ಗಂಟೆ ನಿಲ್ಲಿಸಿದರೆ, ಅಥವಾ 90–95ರಲ್ಲಿ ಐದು ನಿಮಿಷ ಕಾಯಿಸಿದರೆ, ಅದರ ಮಡಿಕೆ ಬಿಚ್ಚಿ ಒಳಗಿದ್ದ ಗಂಧಕದ ಕೊಂಡಿಗಳು ಹೊರಗೆ ಬರುತ್ತವೆ. ಆ ಕೊಂಡಿಗಳಿಂದ ಅದು ಕೇಸೀನ್ ಗುಂಡುಗಳ ಮೈಗೆ ಅಂಟಿಕೊಳ್ಳುತ್ತದೆ. ಮುಂದೆ ಬಲೆ ಹೆಣೆಯುವಾಗ ಈ ಪ್ರೋಟೀನೂ ನೂಲಾಗುತ್ತದೆ. ಬಲೆ ಸಣ್ಣ ಕಣ್ಣಿನದಾಗಿ, ಹೆಚ್ಚು ಗಟ್ಟಿಯಾಗಿ, ನೀರು ಬಿಟ್ಟುಕೊಡದಂತೆ ನಿಲ್ಲುತ್ತದೆ. ಬೆಚ್ಚಗೆ ಮಾಡಿದ ಹಾಲಿಗೇ ಹೆಪ್ಪು ಹಾಕಿದವರ ಮೊಸರು ತೆಳ್ಳಗಾಗಿ ನೀರೊಡೆಯುವುದು ಇದೇ ಕಾರಣಕ್ಕೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮೊಸರಿಗೆ ಅದರಿಂದ ಏನೂ ಕೊರತೆಯಿಲ್ಲ. ಉಕ್ಕಿದ ತಕ್ಷಣ ಒಲೆ ಆರಿಸುವ ಅಭ್ಯಾಸವನ್ನು ಮಾತ್ರ ಬಿಡಬೇಕು. ಉಕ್ಕು ಬಂದ ಮೇಲೆ ಉರಿ ಸಣ್ಣ ಮಾಡಿ, ಆಗಾಗ ಸೌಟಿನಿಂದ ತಿರುವುತ್ತ, ಇನ್ನೊಂದೈದು ಹತ್ತು ನಿಮಿಷ ಬಿಡಿ. ಸ್ವಲ್ಪ ನೀರೂ ಆವಿಯಾಗಿ ಹಾಲು ಮಂದವಾಗುತ್ತದೆ. ಮೂರು ಪಾಲು ಕೊಬ್ಬಿನ ಟೋನ್ಡ್ ಹಾಲಿನಿಂದಲೂ ಕತ್ತರಿಸುವಂಥ ಮೊಸರು ಬರುವುದು ಹೀಗೆ. ಇನ್ನೂ ಗಟ್ಟಿ ಬೇಕೆಂದರೆ ಅರ್ಧ ಲೀಟರಿಗೆ ಒಂದೆರಡು ಚಮಚ ಹಾಲಿನ ಪುಡಿ ಕದಡಿ ಕಾಯಿಸಬಹುದು. ಧಾರವಾಡದ ಕಡೆಯ ಎಮ್ಮೆ ಹಾಲಿಗೆ ಇದೊಂದೂ ಬೇಡ. ಕೊಬ್ಬೂ ಕೇಸೀನೂ ಹಸುವಿನ ಹಾಲಿಗಿಂತ ಹೆಚ್ಚಿರುವುದರಿಂದ ಅದು ತಾನಾಗಿಯೇ ಗಡಿಗೆಯಲ್ಲಿ ಕಲ್ಲಿನಂತೆ ಕೂರುತ್ತದೆ.

ಕಾಯಿಸುವುದರಿಂದ ಇನ್ನೆರಡು ಉಪಕಾರಗಳಿವೆ. ಹಾಲಿನಲ್ಲಿ ಕರಗಿದ ಆಮ್ಲಜನಕ ಹೊರಟುಹೋಗುತ್ತದೆ, ಮೊಸರಿನ ಬ್ಯಾಕ್ಟೀರಿಯಾಗಳಿಗೆ ಅದು ಇಲ್ಲದಿದ್ದರೇ ಒಳ್ಳೆಯದು. ಲ್ಯಾಕ್ಟೋಸ್ ಕಾದಾಗ ಅತ್ಯಲ್ಪ ಪ್ರಮಾಣದ ಫಾರ್ಮಿಕ್ ಆಮ್ಲವೂ ಹುಟ್ಟುತ್ತದೆ. ಇರುವೆ ಕಚ್ಚಿದಾಗ ಉರಿಸುವ ಆಮ್ಲವೇ ಇದು, ಅದರ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ಇಳಿಯುವ ಬಿಸಿ. ಹಾಲು ಎಷ್ಟು ಆರಿದಾಗ ಹೆಪ್ಪು ಹಾಕಬೇಕು? 55 ಡಿಗ್ರಿಯ ಮೇಲಿದ್ದರೆ ಹೆಪ್ಪಿನಲ್ಲಿರುವ ಬಹಳಷ್ಟು ಜೀವಿಗಳು ಸಾಯುತ್ತವೆ ಅಥವಾ ಸೊರಗುತ್ತವೆ. 42ರ ಸುತ್ತಮುತ್ತ ಹಾಕಿದರೆ ಮೊಸರು ನಾಲ್ಕೈದು ಗಂಟೆಯಲ್ಲಿ ಸಿದ್ಧ. ಅಡುಗೆಮನೆಯಲ್ಲಿ ಥರ್ಮಾಮೀಟರ್ ಇರುವುದಿಲ್ಲ, ಬೆರಳಿದೆ. ಬೆರಳನ್ನು ಹಾಲಿನಲ್ಲಿ ಅದ್ದಿ ನೋಡುವ ಹಿರಿಯರ ಪದ್ಧತಿಗೆ ಗಟ್ಟಿಯಾದ ಜೀವವಿಜ್ಞಾನದ ಬುನಾದಿ ಇದೆ. ನಮ್ಮ ಚರ್ಮದ ನರತುದಿಗಳಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನ್ ಇದೆ. ಬಿಸಿ ಸುಮಾರು 43 ಡಿಗ್ರಿ ದಾಟಿದೊಡನೆ ಅದು ತೆರೆದುಕೊಂಡು ಮಿದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿ ಕಳಿಸುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಅವರು ಅದನ್ನು ಹುಡುಕಲು ಹೊರಟದ್ದು ಮೆಣಸಿನಕಾಯಿಯ ಖಾರದ ಜಾಡು ಹಿಡಿದು. ಖಾರವೂ ಸುಡುಬಿಸಿಯೂ ಒಂದೇ ಬಾಗಿಲನ್ನು ತಟ್ಟುತ್ತವೆ. ಹಾಗಾಗಿ ಬೆರಳು ಬಿಸಿಯನ್ನು ಚೆನ್ನಾಗಿ ಗ್ರಹಿಸುತ್ತಲೂ ಇರಬೇಕು, ಹಿಂದಕ್ಕೆ ಎಳೆದುಕೊಳ್ಳಬೇಕೆಂದೂ ಅನ್ನಿಸಬಾರದು ಎಂಬ ಗಡಿಯೇ ಮೊಸರಿನ ಬ್ಯಾಕ್ಟೀರಿಯಾಗಳಿಗೆ ಅತಿ ಹಿತವಾದ ಗಡಿ. ಕಿರುಬೆರಳನ್ನು ಅದ್ದಿ ಹತ್ತು ಎಣಿಸುವವರೆಗೆ ಆರಾಮವಾಗಿ ಇಟ್ಟುಕೊಳ್ಳಬಹುದಾದರೆ ಹಾಲು ತಯಾರು. ದಿನವೂ ಒಲೆಯ ಮುಂದೆ ಕೆಲಸ ಮಾಡಿ ಬೆರಳ ತುದಿ ಜಡ್ಡುಗಟ್ಟಿದವರು ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಳ್ಳುವುದು ಮೇಲು.

ಹೆಪ್ಪಿನ ಚಮಚದಲ್ಲಿ ಯಾರಿದ್ದಾರೆ? ಈ ಪ್ರಶ್ನೆಗೆ ಮೊದಲ ಸ್ಪಷ್ಟ ಉತ್ತರ ಕೊಟ್ಟವರು ಮೊಸರಿನ ಆಸೆಯಿಂದ ಕೆಲಸಕ್ಕೆ ಕೂತವರಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಗಾಯ ಕೀವಾಗದಂತೆ ತಡೆಯುವ ದಾರಿ ತೋರಿಸಿದ ಜೋಸೆಫ್ ಲಿಸ್ಟರ್, ಒಂದೊಂದು ಬಗೆಯ ಬದಲಾವಣೆಗೆ ಒಂದೊಂದು ಬಗೆಯ ಜೀವಾಣು ಕಾರಣ ಎಂದು ಸಾಬೀತು ಮಾಡಬೇಕಿತ್ತು. ಅದಕ್ಕಾಗಿ 1870ರ ದಶಕದಲ್ಲಿ ಹುಳಿ ಹಾಲನ್ನು ಆರಿಸಿಕೊಂಡರು. ಒಂದು ಹನಿಯಲ್ಲಿ ಹೆಚ್ಚೆಂದರೆ ಒಂದೇ ಬ್ಯಾಕ್ಟೀರಿಯಾ ಉಳಿಯುವವರೆಗೆ ಅದನ್ನು ನೀರಿನಲ್ಲಿ ತೆಳುಮಾಡುತ್ತ ಹೋಗಿ, ಆ ಹನಿಗಳನ್ನು ಕುದಿಸಿದ ಹಾಲಿಗೆ ಬಿಟ್ಟರು. ಕೆಲವು ಲೋಟಗಳು ಹೆಪ್ಪುಗಟ್ಟಿದವು, ಕೆಲವು ಹಾಗೇ ಉಳಿದವು. ಹೀಗೆ ಒಂದೇ ಜಾತಿಯ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ ಮೊದಲಿಗರಲ್ಲಿ ಅವರೂ ಒಬ್ಬರಾದರು. ಅವರಿಗೆ ಸಿಕ್ಕಿದ್ದನ್ನು ಇಂದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎನ್ನುತ್ತಾರೆ.

1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ಎಂಬ ತರುಣ ಜಿನೀವಾದ ಪ್ರಯೋಗಾಲಯದಲ್ಲಿ ತನ್ನ ನಾಡಿನ ಮೊಸರನ್ನು ಪರೀಕ್ಷಿಸಿ ಕಡ್ಡಿಯಾಕಾರದ ಇನ್ನೊಂದು ಬ್ಯಾಕ್ಟೀರಿಯಾವನ್ನು ಕಂಡ. ಅದೇ ಇಂದಿನ ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಇದನ್ನೇ ಹಿಡಿದು, ಬಲ್ಗೇರಿಯಾದ ರೈತರ ದೀರ್ಘಾಯುಸ್ಸಿಗೆ ಹುಳಿ ಹಾಲೇ ಕಾರಣವೆಂದು ಸಾರಿದರು. ಅವರಿಗೆ 1908ರಲ್ಲಿ ಬಂದ ನೊಬೆಲ್ ರೋಗನಿರೋಧಕ ಶಕ್ತಿಯ ಸಂಶೋಧನೆಗೆ ಸಂದದ್ದು, ಮೊಸರಿಗಲ್ಲ. ಆಯುಸ್ಸಿನ ಮಾತು ರುಜುವಾತಾಗಲಿಲ್ಲ. ಬಲ್ಗೇರಿಕಸ್ ನಮ್ಮ ಕರುಳಿನಲ್ಲಿ ಮನೆ ಮಾಡಿಕೊಳ್ಳುವುದೂ ಇಲ್ಲ. ಆದರೆ ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೆ ಅದು ನಿಜವಾಗಿ ನೆರವಾಗುತ್ತದೆ. ಮೊಸರಿನಲ್ಲಿ ಲ್ಯಾಕ್ಟೋಸ್ ಸ್ವಲ್ಪ ಕಡಿಮೆಯಾಗಿರುತ್ತದೆ, ಉಳಿದದ್ದನ್ನು ಒಡೆಯುವ ಕಿಣ್ವವನ್ನೂ ಬ್ಯಾಕ್ಟೀರಿಯಾಗಳೇ ಹೊಟ್ಟೆಯೊಳಕ್ಕೆ ಒಯ್ಯುತ್ತವೆ. ಈ ಜೀವಿಗೆ ನಮ್ಮ ದೇಶದ ಗೌರವವೂ ಸಂದಿದೆ. ಸೈನ್ಸ್ ಎಕ್ಸ್‌ಪ್ರೆಸ್ ರೈಲಿಗೆ ಭೇಟಿ ಕೊಟ್ಟ ಶಾಲಾ ಮಕ್ಕಳು ಆರಿಸಿದ ಇದನ್ನು 2012ರ ಅಕ್ಟೋಬರಿನಲ್ಲಿ ಹೈದರಾಬಾದಿನ ಜೀವವೈವಿಧ್ಯ ಸಮ್ಮೇಳನದ ವೇಳೆ ಭಾರತದ ರಾಷ್ಟ್ರೀಯ ಸೂಕ್ಷ್ಮಜೀವಿ ಎಂದು ಘೋಷಿಸಲಾಯಿತು.

ಬಲ್ಗೇರಿಕಸ್ ಒಂಟಿಯಾಗಿ ದುಡಿಯುವುದಕ್ಕಿಂತ ಜೊತೆಯಲ್ಲಿ ಚೆನ್ನಾಗಿ ದುಡಿಯುತ್ತದೆ. ಅದರ ಜೊತೆಗಾರ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್, ಮಣಿಸರದಂತೆ ಸಾಲುಗಟ್ಟುವ ಗುಂಡು ಬ್ಯಾಕ್ಟೀರಿಯಾ. ಥರ್ಮೋಫಿಲಸ್ ಮೊದಲು ಚುರುಕಾಗಿ ಬೆಳೆದು ಫಾರ್ಮಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ, ಅವು ಬಲ್ಗೇರಿಕಸ್‌ಗೆ ಬೇಕು. ಬಲ್ಗೇರಿಕಸ್ ಹಾಲಿನ ಪ್ರೋಟೀನನ್ನು ತುಂಡರಿಸಿ ಅಮೈನೋ ಆಮ್ಲಗಳನ್ನು ಬಿಡುತ್ತದೆ, ಅವು ಥರ್ಮೋಫಿಲಸ್‌ಗೆ ಬೇಕು. ಎರಡೂ ಸೇರಿದಾಗ ಹಾಲು ಹುಳಿಯಾಗುವ ವೇಗ ಒಂದೊಂದೇ ಇದ್ದಾಗಿನ ವೇಗವನ್ನು ಮೀರಿಸುತ್ತದೆ. ಈ ಜೋಡಿಗೆ ಬೇಕಾದದ್ದು 42ರಿಂದ 45 ಡಿಗ್ರಿ. ನಮ್ಮ ಮನೆಯ ಹೆಪ್ಪಿನಲ್ಲಾದರೋ ಲಿಸ್ಟರ್ ಕಂಡ ಲ್ಯಾಕ್ಟೊಕಾಕಸ್, ಲ್ಯೂಕೊನೊಸ್ಟಾಕ್, ಬಗೆಬಗೆಯ ಲ್ಯಾಕ್ಟೊಬ್ಯಾಸಿಲಸ್‌ಗಳೂ ಇರುತ್ತವೆ. ಇವುಗಳಲ್ಲಿ ಕೆಲವಕ್ಕೆ 30 ಡಿಗ್ರಿಯೇ ಹಿತ. ಬೆಣ್ಣೆಯನ್ನು ನೆನಪಿಸುವ ಮನೆಮೊಸರಿನ ಪರಿಮಳ ಡೈಅಸಿಟೈಲ್ ಎಂಬ ವಸ್ತುವಿನದು, ಅದು ಬರುವುದು ಹೆಚ್ಚಾಗಿ ಇವುಗಳಿಂದ.

ಟೊರಾಂಟೊ, ಡೆಟ್ರಾಯಿಟ್‌ಗಳಲ್ಲಿ ನೆಲೆಸಿದ ಕನ್ನಡಿಗರ ಪಾತ್ರೆಯಲ್ಲಿ ಹೆಪ್ಪು ಕೂರದಿರುವ ಗುಟ್ಟೂ ಇಲ್ಲಿದೆ. ಅಲ್ಲಿನ ಅಂಗಡಿಯ ಯೋಗರ್ಟಿನಲ್ಲಿರುವುದು ಮುಖ್ಯವಾಗಿ ಬಿಸಿ ಬೇಡುವ ಜೋಡಿ. ಅದನ್ನು ಊರಿನ ಹೆಪ್ಪೆಂದೇ ತಿಳಿದು ಉಗುರುಬೆಚ್ಚಗಿನ ಹಾಲಿಗೆ ಹಾಕಿ 20 ಡಿಗ್ರಿಯ ಅಡುಗೆಮನೆಯಲ್ಲಿಟ್ಟರೆ ಎರಡೂ ಹೆಚ್ಚುಕಡಿಮೆ ಮಲಗಿಬಿಡುತ್ತವೆ. ಅಲ್ಲಿ ಹಾಲು 43ರಲ್ಲಿರುವಾಗಲೇ ಹೆಪ್ಪು ಬೀಳಬೇಕು, ಪಾತ್ರೆ ಓವನ್ನಿನೊಳಗೆ ದೀಪ ಮಾತ್ರ ಹೊತ್ತಿಸಿದ ಬಿಸುಪಿನಲ್ಲಿ ಕೂರಬೇಕು.

ಮೂರನೆಯದು ನಿಲ್ಲುವ ಬಿಸಿ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ಮನೆಗಳು ಸೋಲುವುದು ಇಲ್ಲಿಯೇ. ಬಿಸಿ ವಸ್ತು ತಣಿಯುವ ವೇಗ ಸುತ್ತಲಿನ ಗಾಳಿಗೂ ಅದಕ್ಕೂ ಇರುವ ಬಿಸಿಯ ಅಂತರವನ್ನೂ, ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಎಷ್ಟಿದೆ ಎಂಬುದನ್ನೂ ಅವಲಂಬಿಸುತ್ತದೆ. ಕೂಡು ಕುಟುಂಬದಲ್ಲಿ ಐದು ಲೀಟರ್ ಹಾಲು ತಾನೇ ತನ್ನ ಬಿಸಿಯನ್ನು ಬೆಳಗಿನವರೆಗೆ ಕಾಯ್ದುಕೊಳ್ಳುತ್ತಿತ್ತು. ಇಬ್ಬರೇ ಇರುವ ಮನೆಯ ಅರ್ಧ ಲೀಟರಿಗೆ, ಅದೂ ತೆಳ್ಳಗಿನ ಸ್ಟೀಲ್ ಬಟ್ಟಲಿನಲ್ಲಿ, ಆ ಶಕ್ತಿಯಿಲ್ಲ. ಅದಕ್ಕೆ ಹೊರಗಿನ ಆಸರೆ ಬೇಕು. ಅತ್ಯಂತ ಸುಲಭದ್ದು ಚಪಾತಿ ಇಡುವ ಹಾಟ್‌ಬಾಕ್ಸ್: ಮೊದಲು ಅದರೊಳಗೆ ಬಿಸಿನೀರು ಹಾಕಿಟ್ಟು, ಚೆಲ್ಲಿ, ಹೆಪ್ಪು ಬೆರೆಸಿದ ಹಾಲನ್ನು ನೇರ ಅದಕ್ಕೇ ಸುರಿದು ಮುಚ್ಚುವುದು. ನಾನು ಹೆಚ್ಚು ನೆಚ್ಚಿಕೊಂಡಿರುವುದು ಕುಕ್ಕರ್. ಒಲೆಯ ಮೇಲಿಡದೆ, ಒಳಗೆ ಬೆರಳು ತಡೆಯುವಷ್ಟು ಬಿಸಿನೀರು ಹಾಕಿ, ಅದರ ನಡುವೆ ಮೊಸರಿನ ಪಾತ್ರೆಯಿಟ್ಟು, ಮುಚ್ಚಳ ಹಾಕಿ ಹಳೆಯ ಕಂಬಳಿ ಸುತ್ತಿ ಮೂಲೆಗಿಡುವುದು. ನೀರು ಹಾಲಿಗಿಂತಲೂ ಸ್ವಲ್ಪ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ, ಎರಡು ಲೀಟರ್ ನೀರು ಅರ್ಧ ಲೀಟರ್ ಹಾಲಿಗೆ ರಾತ್ರಿಯಿಡೀ ಕಾವಲಿರುತ್ತದೆ. ಅಕ್ಕಿ ಡಬ್ಬದೊಳಗೆ ಹುಗಿದಿಡುವ ಪದ್ಧತಿಯೂ ಒಳ್ಳೆಯದೇ. ಕಾಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹೊರಗೆ ಬಿಡುವುದಿಲ್ಲ.

ಮಣ್ಣಿನ ಗಡಿಗೆಯ ವಿಷಯದಲ್ಲಿ ಒಂದು ಎಚ್ಚರ. ಅದರ ಸಣ್ಣ ರಂಧ್ರಗಳು ನೀರು ಹೀರಿ ಹೊರಮೈಯಲ್ಲಿ ಆವಿಯಾಗಿ ಬಿಡುವುದರಿಂದ ಮೊಸರು ಗಟ್ಟಿಯಾಗುತ್ತದೆ. ಅದೇ ಆವಿ ಗಡಿಗೆಯನ್ನು ತಂಪಾಗಿಸುತ್ತದೆ ಕೂಡ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಇದು ವರ. ರಾತ್ರಿಯಲ್ಲೂ ಅಡುಗೆಮನೆ ಸೆಕೆಯಿಂದ ಕುದಿಯುವ ಆ ಊರುಗಳಲ್ಲಿ ಹಾಲನ್ನು ಪೂರ್ತಿ ಆರಿಸಿ, ಅರ್ಧ ಚಮಚ ಹೆಪ್ಪಿನಲ್ಲಿ ಮುಗಿಸಿದರೂ ಬೆಳಗಿಗೆ ಮೊಸರು ಹುಳಿಯಾಗಿರುತ್ತದೆ, ಗಡಿಗೆ ಮಾತ್ರ ಆ ಓಟವನ್ನು ತಡೆಯಬಲ್ಲದು. ಚಳಿಗಾಲದ ಮಡಿಕೇರಿಯಲ್ಲಿ ಅದೇ ಗಡಿಗೆ ಇರುವ ಬಿಸಿಯನ್ನೂ ಕಸಿದುಕೊಳ್ಳುತ್ತದೆ.

ಮೊಸರು ಕೆಟ್ಟ ಬಗೆಯನ್ನು ನೋಡಿದರೆ ಬಿಸಿ ಎಲ್ಲಿ ತಪ್ಪಿತೆಂದು ಹೇಳಬಹುದು. ಮೇಲೆ ಹಳದಿ ಬಣ್ಣದ ತಿಳಿನೀರು ನಿಂತಿದೆ, ಮೊಸರು ತರಿತರಿಯಾಗಿದೆ ಎಂದರೆ ಬಿಸಿ ಹೆಚ್ಚಿತ್ತು, ಬಲೆ ಅವಸರದಲ್ಲಿ ದೊಡ್ಡ ಕಣ್ಣು ಬಿಟ್ಟು ಹೆಣೆದುಕೊಂಡಿದೆ. ಕಟ್ಟುತ್ತಿರುವಾಗ ಪಾತ್ರೆ ಅಲುಗಾಡಿಸಿದರೂ ಹೀಗೇ ಆಗುತ್ತದೆ. ಚಮಚ ಎತ್ತಿದರೆ ಲೋಳೆಯಾಗಿ ಎಳೆ ಬರುತ್ತದೆ ಎಂದರೆ ಸಾಮಾನ್ಯವಾಗಿ ಬಿಸಿ ಕಡಿಮೆಯಿತ್ತು. ತಂಪಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಉದ್ದದ ಸರಗಳಾಗಿ ಪೋಣಿಸಿ ಹೊರಗೆ ಬಿಡುತ್ತವೆ. ಫಿನ್ಲೆಂಡಿನವರು ವೀಲಿ ಎಂಬ ತಮ್ಮ ಮೊಸರಿನಲ್ಲಿ ಈ ಎಳೆಯನ್ನೇ ಬಯಸಿ ಬೆಳೆಸುತ್ತಾರೆ. ನಮಗೆ ಅದು ಸೇರದಿದ್ದರೆ ಹೆಪ್ಪು ಬದಲಿಸಿ, ಇನ್ನಷ್ಟು ಬೆಚ್ಚಗಿಟ್ಟು ನೋಡಬೇಕು. ಕೆಟ್ಟ ವಾಸನೆ, ಗುಳ್ಳೆ, ಗುಲಾಬಿ ಅಥವಾ ಹಸಿರು ಬಣ್ಣ ಕಂಡರೆ ಮಾತ್ರ ಯೋಚಿಸದೆ ಚೆಲ್ಲಿಬಿಡಿ. ಎಲ್ಲ ಸರಿಯಿದ್ದೂ ಹಾಲು ಹೆಪ್ಪಾಗಲೇ ಇಲ್ಲವೆಂದರೆ ಇನ್ನೊಂದು ಸಾಧ್ಯತೆ ಇದೆ, ಅದನ್ನು ಹಾಲು ಕೊಡುವವರನ್ನೇ ಕೇಳಬೇಕು. ಕೆಚ್ಚಲು ಬಾವಿಗೆ ಪೆನ್ಸಿಲಿನ್ ಜಾತಿಯ ಔಷಧ ಕೊಟ್ಟ ಹಸುವಿನ ಹಾಲನ್ನು ಕೆಲವು ದಿನ ಬಳಸಬಾರದು. ಥರ್ಮೋಫಿಲಸ್ ಈ ಔಷಧಕ್ಕೆ ಬಹಳ ಬೇಗ ಬಲಿಯಾಗುತ್ತದೆ, ಹಾಲು ಕುದಿಸಿದರೂ ಔಷಧದ ಶಕ್ತಿ ಪೂರ್ತಿ ಹೋಗುವುದಿಲ್ಲ.

ದೊಡ್ಡ ಡೇರಿಗಳಿಗೆ ಇದಕ್ಕಿಂತ ದೊಡ್ಡ ಶತ್ರು ಬ್ಯಾಕ್ಟೀರಿಯಾಗಳನ್ನೇ ತಿನ್ನುವ ವೈರಸ್. ಅಲ್ಲಿ ಬಳಸುವುದು ಆಯ್ದ ಒಂದೆರಡು ತಳಿಗಳನ್ನು. ಅವುಗಳಿಗೆ ಹೊಂದುವ ವೈರಸ್ ಒಳಹೊಕ್ಕರೆ ಸಾವಿರಾರು ಲೀಟರ್ ಹಾಲು ಹಾಗೇ ನಿಲ್ಲುತ್ತದೆ. ಈ ಕಾಟವನ್ನು ಅಭ್ಯಾಸ ಮಾಡುತ್ತಿದ್ದ ಡ್ಯಾನಿಸ್ಕೊ ಕಂಪನಿಯ ರೊಡಾಲ್ಫ್ ಬ್ಯಾರಂಗೂ, ಫಿಲಿಪ್ ಹಾರ್ವಾತ್ ಮತ್ತು ಸಂಗಡಿಗರು 2007ರಲ್ಲಿ ಒಂದು ಅಪರೂಪದ ಸಂಗತಿಯನ್ನು ತೋರಿಸಿದರು. ವೈರಸ್ ದಾಳಿಯಿಂದ ಬದುಕುಳಿದ ಥರ್ಮೋಫಿಲಸ್ ಆ ವೈರಸ್ಸಿನ ಡಿಎನ್‌ಎಯ ಚೂರೊಂದನ್ನು ತನ್ನ ಡಿಎನ್‌ಎಯಲ್ಲಿ ಸೇರಿಸಿಟ್ಟುಕೊಂಡು, ಮುಂದಿನ ಸಲ ಅದನ್ನು ಗುರುತು ಹಿಡಿದು ಕತ್ತರಿಸುತ್ತದೆ. ಇದೇ ಕ್ರಿಸ್ಪರ್ ವ್ಯವಸ್ಥೆ. ಇದರಿಂದ ರೂಪುಗೊಂಡ ಜೀನ್ ತಿದ್ದುವ ಸಾಧನಕ್ಕೆ 2020ರಲ್ಲಿ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನಾ ನೊಬೆಲ್ ಪಡೆದರು. ಮನೆಯ ಹೆಪ್ಪು ಅಷ್ಟು ಸುಲಭಕ್ಕೆ ಕೈಕೊಡದಿರುವುದಕ್ಕೆ ಅದರ ವೈವಿಧ್ಯವೇ ಕಾರಣ. ಒಂದು ತಳಿ ಬಿದ್ದರೆ ಕೆಲಸ ಮುಂದುವರಿಸಲು ಹತ್ತಾರು ತಳಿಗಳಿರುತ್ತವೆ.

ಹೆಪ್ಪೇ ಇಲ್ಲದಿದ್ದರೆ? ಹಸಿಮೆಣಸಿನಕಾಯಿಯ ತೊಟ್ಟನ್ನು ಬೆಚ್ಚಗಿನ ಹಾಲಿನಲ್ಲಿ ಮುಳುಗಿಸಿಡುವ ಉಪಾಯ ನಮ್ಮಲ್ಲಿ ಅನೇಕರಿಗೆ ಗೊತ್ತು. ಎಲೆ, ತೊಟ್ಟು, ಹೂಗಳ ಮೇಲೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಇರುತ್ತವೆ. ಬಲ್ಗೇರಿಕಸ್‌ನ ಪೂರ್ವಜರೂ ಗಿಡಗಳ ಮೇಲೆಯೇ ಇದ್ದವೆಂಬುದಕ್ಕೆ ಅದರ ಜೀನೋಮಿನಲ್ಲಿ ಕುರುಹುಗಳಿವೆ. ಬಲ್ಗೇರಿಯಾ, ಟರ್ಕಿಯ ಕೆಲವು ಹಳ್ಳಿಗಳಲ್ಲಿ ತೊಟ್ಟಿನ ಬದಲು ಕಾಡಿನ ಕೆಂಪಿರುವೆಗಳನ್ನು ಬೆಚ್ಚಗಿನ ಹಾಲಿಗೆ ಹಾಕುತ್ತಿದ್ದರು. ಇರುವೆಯ ಫಾರ್ಮಿಕ್ ಆಮ್ಲ ಹಾಲನ್ನು ಹುಳಿಯ ಕಡೆಗೆ ತಿರುಗಿಸಿದರೆ, ಇರುವೆಯ ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಉಳಿದ ಕೆಲಸ ಮಾಡುತ್ತವೆ. ತೊಟ್ಟಿನ ಮೊದಲ ಮೊಸರನ್ನು ತಿನ್ನಬೇಡಿ. ಅದರಲ್ಲಿ ಬೇಡದ ಜೀವಿಗಳೂ ಇರಬಹುದು. ಅದರ ಒಂದು ಚಮಚದಿಂದ ಹೊಸ ಹಾಲಿಗೆ, ಆ ಮೊಸರಿನಿಂದ ಮತ್ತೊಂದು ಹಾಲಿಗೆ ದಾಟಿಸುತ್ತ ಹೋದರೆ ಹುಳಿಯನ್ನು ತಾಳದವು ಹಿಂದೆ ಬೀಳುತ್ತವೆ. ವಾಸನೆ, ರುಚಿ ಶುದ್ಧವಾಗಿ ಒಂದೇ ಸಮ ನಿಂತ ಮೇಲೆ ಮಾತ್ರ ಊಟಕ್ಕೆ.

ಮೊಸರು ಕಟ್ಟಿದೊಡನೆ, ಬಟ್ಟಲನ್ನು ಕಲಕದೆ, ಫ್ರಿಜ್ಜಿಗೆ ಸೇರಿಸಿ. ತಂಪಿನಲ್ಲಿ ಎರಡು ಮೂರು ಗಂಟೆ ಕೂತರೆ ಬಲೆ ಇನ್ನಷ್ಟು ಬಿಗಿಯಾಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ನಿಧಾನವಾಗಿ ಆಮ್ಲ ಬಿಡುತ್ತಲೇ ಇರುತ್ತವೆ. ದಿನ ಕಳೆದಂತೆ ಹೆಪ್ಪು ಹುಳಿಯಾಗುತ್ತ ಹೋಗುತ್ತದೆ. ಅಂಥ ಹಳೆಯ ಹೆಪ್ಪಿನಿಂದ ಬರುವ ಮೊಸರು ಮೊದಲ ದಿನವೇ ಹುಳಿಯಾಗಿರುತ್ತದೆ. ಹಾಗಾಗಿ ಬೆಳಿಗ್ಗೆ ಮೊಸರನ್ನು ಊಟಕ್ಕೆ ಮುಟ್ಟುವ ಮೊದಲೇ ಒಣ ಚಮಚದಲ್ಲಿ ಮುಂದಿನ ಹೆಪ್ಪನ್ನು ಒಂದು ಪುಟ್ಟ ಡಬ್ಬಿಗೆ ತೆಗೆದಿಟ್ಟುಕೊಂಡು ಎರಡು ದಿನದೊಳಗೆ ಬಳಸಿ. ಊರಿಗೆ ಹೊರಟಿದ್ದರೆ ಆ ಡಬ್ಬಿಯನ್ನು ಫ್ರೀಜರಿನಲ್ಲಿಡಿ. ಹಿಂದಿರುಗಿದ ಮೇಲೆ ಹಾಕುವ ಮೊದಲ ಹೆಪ್ಪಿಗೆ ಎಂದಿಗಿಂತ ಎರಡು ಗಂಟೆ ಹೆಚ್ಚು ಹಿಡಿಯಬಹುದು, ಎರಡನೆಯ ಸಲದಿಂದ ಅದು ಮತ್ತೆ ತನ್ನ ವೇಗಕ್ಕೆ ಬರುತ್ತದೆ.